ಕಾಳಿನಿಂದ ಹಿಟ್ಟಿನವರೆಗೆ: ಗೋಧಿ ಇಲ್ಲದ ಅಡುಗೆಮನೆ ಕಟ್ಟಿದ ಕೆಲಸ

ಮಗಳಿಗೆ ಸೀಲಿಯಾಕ್, ಅಂದರೆ ಗೋಧಿಯಂಥ ಧಾನ್ಯ ತಿಂದರೆ ಕರುಳಿಗೆ ಪೆಟ್ಟಾಗುವ ಕಾಯಿಲೆ ಇದೆ ಅಂತ ಖಚಿತವಾದ ಮೇಲೆ ನಮ್ಮ ಅಡುಗೆಮನೆಯನ್ನು ಪೂರ್ತಿ ಬಿಚ್ಚಿ ಮತ್ತೆ ಜೋಡಿಸಿದೆವು. ಏನು ಹೊರಗೆ ಹಾಕಿದೆವು, ಹಳೇ ಬೀಸುವ ಕಲ್ಲನ್ನು ಹೇಗೆ ಸರಿಮಾಡಿದೆವು, ಈಗ ಹಿಟ್ಟು ಹೇಗೆ ಮಾಡಿಕೊಳ್ಳುತ್ತಿದ್ದೇವೆ ಎಲ್ಲವನ್ನೂ ಇಲ್ಲಿ ಬರೆದಿಡುತ್ತಿದ್ದೇನೆ. ಇದೇ ಕೆಲಸ ಮಾಡಬೇಕಾದ ಇನ್ನೊಂದು ಮನೆಗೆ ಉಪಯೋಗವಾಗಲಿ.

ಶುರು ಮಾಡುವ ಮುಂಚೆ ಒಂದು ಮುಖ್ಯ ಮಾತು. ಅನುಮಾನ ಬಂದ ತಕ್ಷಣ ಗೋಧಿ ಬಿಡಬೇಡಿ. ರಕ್ತದಲ್ಲಿ ಟಿಟಿಜಿ-ಐಜಿಎ (ಈ ಕಾಯಿಲೆ ಇದ್ದರೆ ಜಾಸ್ತಿಯಾಗುವ ಪ್ರತಿಕಾಯ) ಪರೀಕ್ಷೆ, ಆಮೇಲೆ ಎಂಡೋಸ್ಕೋಪಿಯಲ್ಲಿ ಸಣ್ಣ ಕರುಳಿನ ಚೂರು ತೆಗೆದು ನೋಡುವುದು, ಇವೆರಡೂ ಗೋಧಿ ತಿನ್ನುತ್ತಿರುವಾಗಲೇ ಸರಿಯಾದ ಉತ್ತರ ಕೊಡುತ್ತವೆ. ಮೊದಲೇ ಬಿಟ್ಟರೆ ಕರುಳು ಸುಧಾರಿಸಲು ಶುರುವಾಗಿ ಕಾಯಿಲೆ ಮರೆಯಾಗಿಬಿಡಬಹುದು. ನಮ್ಮ ಮಗಳಿಗೆ ಹೊಟ್ಟೆನೋವು ಅಷ್ಟಾಗಿ ಇರಲಿಲ್ಲ. ಕಬ್ಬಿಣದ ಮಾತ್ರೆ ನುಂಗಿದರೂ ರಕ್ತ ಏರುತ್ತಿರಲಿಲ್ಲ, ಎತ್ತರ ನಿಂತುಹೋಗಿತ್ತು. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ಹೊಟ್ಟೆಗೆ ಹೋದಾಗ ದೇಹದ ರಕ್ಷಣಾ ವ್ಯವಸ್ಥೆಯೇ ಸಣ್ಣ ಕರುಳಿನ ಒಳಪದರಕ್ಕೆ ಪೆಟ್ಟು ಕೊಡುತ್ತದೆ. ಆಹಾರ ಹೀರುವ ಸಣ್ಣ ಎಳೆಗಳು ಚಪ್ಪಟೆಯಾಗುತ್ತವೆ. ತಿಂದದ್ದು ಮೈಗೆ ಹತ್ತುವುದಿಲ್ಲ. ಇದಕ್ಕೆ ಇವತ್ತಿನವರೆಗೆ ಇರುವ ಮದ್ದು ಒಂದೇ: ಗ್ಲುಟೆನ್ ಅನ್ನು ಜೀವನಪೂರ್ತಿ ಬಿಡುವುದು.

ಮೊದಲ ವಾರ ಎಲ್ಲರಂತೆ ನಾವೂ ಗ್ಲುಟೆನ್ ಇಲ್ಲದ ಬ್ರೆಡ್ಡು, ಬಿಸ್ಕತ್ತು, ಪಾಸ್ತಾ ಹುಡುಕಿದೆವು. ಪ್ಯಾಕೆಟ್ಟಿನ ಹಿಂಬದಿ ಓದಿದರೆ ಮೆಕ್ಕೆಜೋಳದ ಪಿಷ್ಟ, ಮರಗೆಣಸಿನ ಪಿಷ್ಟ, ಪಾಲಿಶ್ ಮಾಡಿದ ಅಕ್ಕಿ ಹಿಟ್ಟು, ಸಕ್ಕರೆ, ಎಣ್ಣೆ, ಹಿಡಿದಿಡಲು ಕ್ಸಾಂಥನ್ ಗಮ್. ರಕ್ತ ಕಡಿಮೆ ಇರುವ ಮಗುವಿಗೆ ಇದರಲ್ಲಿ ಏನಿದೆ? 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಜೋಳ, ಸಜ್ಜೆ, ನವಣೆ, ಸಾಮೆ, ಹಾರಕ, ಬರಗು, ಊದಲು, ಕೊರಲೆ ಯಾವುದರಲ್ಲೂ ಗ್ಲುಟೆನ್ ಇಲ್ಲ. ಅಕ್ಕಿ, ಬೇಳೆ, ಕಾಳು, ಸೊಪ್ಪು, ಗೆಡ್ಡೆ, ಮೊಟ್ಟೆ, ಮೊಸರು ಯಾವುದರಲ್ಲೂ ಇಲ್ಲ. ನಾವಿರುವುದು ದಾವಣಗೆರೆಯಲ್ಲಿ. ಇಲ್ಲಿಂದ ಉತ್ತರಕ್ಕೆ ಹೋದರೆ ಜೋಳದ ರೊಟ್ಟಿ, ದಕ್ಷಿಣಕ್ಕೆ ಹೋದರೆ ರಾಗಿ ಮುದ್ದೆ. ಹಿಂದಿನವರು ದಿನಾ ಉಂಡ ಊಟವೇ ಈ ಮಗುವಿನ ಊಟ. ಹಾಗಾಗಿ ಹೊಸ ಪದಾರ್ಥ ಕೊಳ್ಳುವ ಯೋಚನೆ ಬಿಟ್ಟೆವು. ಇರುವ ಪದಾರ್ಥಕ್ಕೆ ಗೋಧಿ ಬೆರೆಯದಂತೆ ನೋಡಿಕೊಳ್ಳುವುದೇ ಕೆಲಸ ಅಂತ ನಿರ್ಧಾರ ಮಾಡಿದೆವು.

ಅದು ಎಷ್ಟು ಸೂಕ್ಷ್ಮದ ಕೆಲಸ ಅಂತ ಲೆಕ್ಕ ಹಾಕಿದಾಗ ಗೊತ್ತಾಯಿತು. ಗ್ಲುಟೆನ್ ಇಲ್ಲ ಅಂತ ಹೇಳಿಕೊಳ್ಳುವ ಆಹಾರದಲ್ಲಿ ಅದು ಕಿಲೋಗೆ 20 ಮಿಲಿಗ್ರಾಂ ಮೀರಬಾರದು, ಇದು ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಇಟ್ಟಿರುವ ಮಿತಿ. ಒಂದು ಟೀ ಚಮಚ ಗೋಧಿ ಹಿಟ್ಟು ಸುಮಾರು 3 ಗ್ರಾಂ ತೂಗುತ್ತದೆ. ಅದರಲ್ಲಿ ಹತ್ತಿರ ಹತ್ತಿರ ಹತ್ತನೇ ಒಂದು ಪಾಲು ಗ್ಲುಟೆನ್. ಅಂದರೆ 250ರಿಂದ 300 ಮಿಲಿಗ್ರಾಂ. ಒಂದು ಕಿಲೋ ರಾಗಿ ಹಿಟ್ಟಿಗೆ ಒಂದು ಚಮಚ ಗೋಧಿ ಹಿಟ್ಟು ಬಿದ್ದರೆ ಮಿತಿಯ ಹತ್ತು ಪಟ್ಟಿಗಿಂತ ಜಾಸ್ತಿ ಆಯಿತು. ಇನ್ನು ಕಾಳಿನ ಲೆಕ್ಕ. ಒಂದು ಗೋಧಿ ಕಾಳು ಸುಮಾರು 40 ಮಿಲಿಗ್ರಾಂ, ಅದರಲ್ಲಿ 4 ಮಿಲಿಗ್ರಾಂ ಆಸುಪಾಸು ಗ್ಲುಟೆನ್. ಒಂದು ಕಿಲೋ ಜೋಳದಲ್ಲಿ ಐದು ಗೋಧಿ ಕಾಳು ಉಳಿದರೆ ಮಿತಿ ಮುಟ್ಟಿದಂತೆ.

ಈ ಲೆಕ್ಕ ಆದ ಮೇಲೆ ಬೀದಿಯ ಗಿರಣಿಗೆ ಹೋಗುವುದನ್ನು ನಿಲ್ಲಿಸಿದೆವು. ನಮಗಿಂತ ಮುಂಚೆ ಗೋಧಿ ಬೀಸಿದ್ದರೆ ಕಲ್ಲಿನ ಸಂದಿಯಲ್ಲಿ, ಹಿಟ್ಟು ಬೀಳುವ ಬಟ್ಟೆಯ ಕೊಳವೆಯಲ್ಲಿ ಚಮಚಗಟ್ಟಲೆ ಉಳಿದಿರುತ್ತದೆ. ಗಿರಣಿಯವರು ಎಷ್ಟೇ ಒಳ್ಳೆಯವರಾದರೂ ಅದನ್ನು ಪೂರ್ತಿ ತೆಗೆಯಲು ಆಗುವುದಿಲ್ಲ.

ಹೊರಗೆ ಹಾಕಿದ್ದು, ತೊಳೆದದ್ದು

ಮೈದಾ, ಚಿರೋಟಿ ರವೆ, ಬನ್ಸಿ ರವೆ, ಗೋಧಿ ನುಚ್ಚು, ಶ್ಯಾವಿಗೆ ಕಣ್ಣಿಗೆ ಕಾಣುವಂಥವು. ಅವನ್ನು ತೆಗೆಯುವುದು ಸುಲಭ. ಖಪ್ಲಿ ಗೋಧಿ ಹಳೇ ತಳಿ, ಅದು ತೊಂದರೆ ಮಾಡುವುದಿಲ್ಲ ಅಂತ ಒಬ್ಬರು ಹೇಳಿದರು. ಜೀರ್ಣಕ್ಕೆ ಹಗುರ ಅನ್ನಿಸಬಹುದು, ಆದರೆ ಅದೂ ಗೋಧಿಯೇ, ಅದರಲ್ಲೂ ಗ್ಲುಟೆನ್ ಇದೆ. ಸೀಲಿಯಾಕ್ ಇರುವವರು ಮುಟ್ಟಬಾರದು.

ಅಡಗಿ ಕೂತಿದ್ದವು ಬೇರೆ. ಅಂಗಡಿಯ ಸಾರಿನ ಪುಡಿ, ಪುಳಿಯೋಗರೆ ಪುಡಿ, ಉಪ್ಪಿನಕಾಯಿ ಇವುಗಳಲ್ಲಿ ಇಂಗು ಇರುತ್ತದೆ. ಇಂಗಿನ ವಿಷಯ ಮುಂದೆ ಬರೆದಿದ್ದೇನೆ. ಹಾಲಿಗೆ ಹಾಕುವ ಮಾಲ್ಟ್ ಪುಡಿಗಳಲ್ಲಿ ಬಾರ್ಲಿ, ಗೋಧಿ ಎರಡೂ ಇರುವುದು ಮಾಮೂಲು. ಸೋಯಾ ಸಾಸ್‌ನಲ್ಲಿ ಗೋಧಿ. ಕೆಲವು ಹಪ್ಪಳದಲ್ಲಿ ಗೋಧಿ ಹಿಟ್ಟು. ಪ್ಯಾಕೆಟ್ ಕಡಲೆ ಹಿಟ್ಟನ್ನೂ ಬಿಟ್ಟೆವು, ಅದೇ ಯಂತ್ರದಲ್ಲಿ ಏನೇನು ಬೀಸಿರುತ್ತಾರೋ ಹೇಳಲಾಗದು.

ಪಾತ್ರೆಗಳ ವಿಷಯದಲ್ಲಿ ಒಂದು ತಿಳಿವಳಿಕೆ ಬಹಳ ಸಹಾಯ ಮಾಡಿತು. ಗ್ಲುಟೆನ್ ರೋಗಾಣು ಅಲ್ಲ. ಕುದಿಸಿದರೆ ಸಾಯುವಂಥದ್ದಲ್ಲ. ಸೋಪು, ನೀರು, ಉಜ್ಜುವುದು, ಇವುಗಳಿಂದ ಅದನ್ನು ಅಲ್ಲಿಂದ ತೆಗೆದೇ ಹಾಕಬೇಕು. ಉಜ್ಜಿದರೆ ಪೂರ್ತಿ ಹೋಗುವಂಥದ್ದು ಉಳಿಯಿತು, ಹೋಗದಂಥದ್ದು ಹೊರಗೆ ಹೋಯಿತು. ಸ್ಟೀಲು ಪಾತ್ರೆ, ಕುಕ್ಕರು, ಗಾಜಿನ ಜಾಡಿ ಉಳಿದವು. ಕುಕ್ಕರಿನ ರಬ್ಬರು ಬದಲಾಯಿತು. ಲಟ್ಟಣಿಗೆ, ಚಪಾತಿ ಮಣೆ, ಮರದ ಸೌಟು, ಜರಡಿಗಳು ಹೋದವು. ಮರದ ಬಿರುಕಿನಲ್ಲಿ, ಜರಡಿಯ ಕಣ್ಣಿನಲ್ಲಿ ಒಣಗಿದ ಹಿಟ್ಟು ಬಿಡಿಸಲು ಬರುವುದಿಲ್ಲ. ಹಳೆಯ ಮಿಕ್ಸಿ ಜಾರಿನ ಬ್ಲೇಡ್ ಕೆಳಗೆ ನೋಡಿದರೆ ಅಲ್ಲೂ ಹಿಟ್ಟಿನ ಕರೆ. ಹೊಸ ಜಾರು ತಂದೆವು.

ಕಬ್ಬಿಣದ ಹಂಚನ್ನು ಬಿಡಲು ಮನಸ್ಸಾಗಲಿಲ್ಲ. ಅದರ ಮೇಲಿನ ಕರೀ ಪದರದಲ್ಲಿ ವರ್ಷಗಳ ಚಪಾತಿ ಹಿಟ್ಟು ಸೇರಿಕೊಂಡಿತ್ತು. ಹಿತ್ತಲಲ್ಲಿ ಕಟ್ಟಿಗೆ ಕೆಂಡದ ಮೇಲೆ ಆ ಪದರ ಬೂದಿಯಾಗಿ ಉದುರುವವರೆಗೆ ಕಾಯಿಸಿದೆವು. ತಣ್ಣಗಾದ ಮೇಲೆ ಮರಳುಕಾಗದದಿಂದ ಉಜ್ಜಿ ಬರೀ ಲೋಹ ಕಾಣುವಂತೆ ಮಾಡಿ, ತೊಳೆದು ಒಣಗಿಸಿದೆವು. ಆಮೇಲೆ ಅಗಸೆ ಎಣ್ಣೆಯನ್ನು ಬಟ್ಟೆಯಿಂದ ತೀರಾ ತೆಳ್ಳಗೆ ಸವರಿ, ಹೊಗೆ ಬರುವವರೆಗೆ ಕಾಯಿಸಿ, ಆರಿಸಿ, ಮತ್ತೆ ಸವರಿ, ಹೀಗೆ ಹಲವು ಸಲ. ಎಣ್ಣೆ ದಪ್ಪ ಆದರೆ ಪದರ ಅಂಟಂಟಾಗಿ ಸಿಪ್ಪೆ ಏಳುತ್ತದೆ. ಈಗ ಅದರಲ್ಲಿ ದೋಸೆ ಅಂಚಿನಿಂದ ತಾನಾಗಿಯೇ ಬಿಡುತ್ತದೆ.

ಮನೆಯಲ್ಲಿ ಉಳಿದವರಿಗೆ ಚಪಾತಿ ಬೇಕಲ್ವಾ ಅಂತ ಕೇಳಿದವರಿದ್ದಾರೆ. ಒಂದೇ ಒಲೆಯಲ್ಲಿ ಎರಡು ಬಗೆ ಮಾಡುವ ಮನೆಗಳಿವೆ. ನಾವು ಬೇಡ ಅಂದುಕೊಂಡೆವು. ಗೋಧಿ ಹಿಟ್ಟು ಗಾಳಿಯಲ್ಲಿ ಹಾರಿ ಎಲ್ಲೆಂದರಲ್ಲಿ ಕೂರುತ್ತದೆ. ಅದಕ್ಕಿಂತ ದೊಡ್ಡ ಕಾರಣ, ಮನೆಯೊಳಗೆ ಮಗು ತನ್ನ ತಟ್ಟೆಯ ಬಗ್ಗೆ ಹೆದರಬಾರದು.

ಕಾಳು

ಹಿಟ್ಟಿನಲ್ಲಿ ಗೋಧಿ ಬೆರೆತರೆ ಕಾಣುವುದಿಲ್ಲ, ಕಾಳಿನಲ್ಲಿ ಬೆರೆತರೆ ಕಾಣುತ್ತದೆ. ನಮ್ಮ ಇಡೀ ಕೆಲಸ ನಿಂತಿರುವುದು ಇದರ ಮೇಲೆ. ಅದಕ್ಕೇ ಹಿಟ್ಟು, ರವೆ, ನುಚ್ಚು ಏನನ್ನೂ ಕೊಳ್ಳುವುದಿಲ್ಲ. ಇಡೀ ಕಾಳು ಮಾತ್ರ.

ರಾಗಿ ಇದರಲ್ಲಿ ಎಲ್ಲಕ್ಕಿಂತ ಸುಲಭ. ಮುಂಗಾರಿನ ಬೆಳೆ, ಹೆಚ್ಚಾಗಿ ತುಮಕೂರು, ಹಾಸನ, ಮಂಡ್ಯ, ಕೋಲಾರದ ಕಡೆಯ ಕೆಂಪು ಮಣ್ಣಿನದು. ಆ ಹೊಲಗಳ ಪಕ್ಕದಲ್ಲಿ ಗೋಧಿ ಇರುವುದೇ ಅಪರೂಪ. ಕಾಳು ಒಂದೂವರೆ ಮಿಲಿಮೀಟರಿನಷ್ಟು ಸಣ್ಣದು. ರಾಗಿ ಮಾತ್ರ ಇಳಿಯುವ ಕಣ್ಣಿನ ಜರಡಿಯಲ್ಲಿ ಆಡಿಸಿದರೆ ರಾಗಿ ಕೆಳಗೆ, ಗೋಧಿ ಇದ್ದರೆ ಮೇಲೆ. ಜರಡಿಯೇ ಕಾವಲು.

ಜೋಳಕ್ಕೆ ಶ್ರಮ ಜಾಸ್ತಿ. ರೊಟ್ಟಿಗೆ ಒಳ್ಳೆಯದಾದ ಹಿಂಗಾರಿ ಬಿಳಿಜೋಳ ಬರುವುದು ಉತ್ತರದ ಕಪ್ಪು ಮಣ್ಣಿನಿಂದ. ಅದೇ ಹಿಂಗಾರಿನಲ್ಲಿ, ಅದೇ ಊರುಗಳಲ್ಲಿ ಕಡಲೆ, ಕುಸುಬೆ, ಗೋಧಿ ಕೂಡ ಬೆಳೆಯುತ್ತಾರೆ. ಒಂದೇ ಕಣ, ಒಂದೇ ಒಕ್ಕಣೆ ಯಂತ್ರ, ಒಂದೇ ಚೀಲ. ಆದ್ದರಿಂದ ಆ ವರ್ಷ ಗೋಧಿ ಹಾಕದ ಪರಿಚಯದ ರೈತರೊಬ್ಬರ ಹತ್ತಿರ ವರ್ಷಕ್ಕೆ ಬೇಕಾದಷ್ಟನ್ನು ಒಟ್ಟಿಗೆ ತರುತ್ತೇವೆ. ಬಂದ ಮೇಲೂ ಮೊರದಲ್ಲಿ ಕೇರಿ, ಕಡುನೀಲಿ ಬಟ್ಟೆಯ ಮೇಲೆ ಸ್ವಲ್ಪ ಸ್ವಲ್ಪವೇ ಹರಡಿ ಆರಿಸುತ್ತೇವೆ. ಜೋಳ ದುಂಡಗೆ, ಬೆಳ್ಳಗೆ. ಗೋಧಿ ಉದ್ದಕ್ಕೆ, ಹೊಟ್ಟೆಯ ಮೇಲೆ ಗೀರು. ಕಣ್ಣು ಪಳಗಿದ ಮೇಲೆ ಗೋಧಿ ಕಾಳು ತಾನಾಗಿ ಕಾಣಿಸುತ್ತದೆ. ಮಗಳೂ ಕೂರುತ್ತಾಳೆ, ನನಗಿಂತ ಬೇಗ ಹುಡುಕುತ್ತಾಳೆ. ಆರಿಸಿದ ಮೇಲೆ ಎರಡು ಮೂರು ನೀರಿನಲ್ಲಿ ತೊಳೆದು, ಹೊರಗೆ ಅಂಟಿದ ದೂಳು ಹೋಗಿಸಿ, ಬಿಸಿಲಲ್ಲಿ ಕಟಕಟ ಅನ್ನುವಂತೆ ಒಣಗಿಸಬೇಕು. ಒಳಗೆ ಪಸೆ ಉಳಿದರೆ ಹಿಟ್ಟು ಮುಗ್ಗುತ್ತದೆ.

ರಾಗಿ, ಜೋಳ, ಸಜ್ಜೆ ಒಕ್ಕಿದ ಮೇಲೆ ನೇರವಾಗಿ ಬೀಸಬಹುದು. ನವಣೆ, ಸಾಮೆ, ಕೊರಲೆ ಇವಕ್ಕೆ ಗಟ್ಟಿ ಸಿಪ್ಪೆ ಇದೆ, ಯಂತ್ರಕ್ಕೆ ಹಾಕಿಯೇ ತೆಗೆಸಬೇಕು. ಆ ಯಂತ್ರದಲ್ಲಿ ಸಿರಿಧಾನ್ಯ ಬಿಟ್ಟು ಬೇರೆ ಏನೂ ಹೋಗುವುದಿಲ್ಲ ಅಂತ ಗೊತ್ತಿರುವ ಕಡೆಯಿಂದ ಅಕ್ಕಿ ರೂಪದಲ್ಲಿ ತಂದು, ಮತ್ತೆ ಆರಿಸಿಯೇ ಬಳಸುತ್ತೇವೆ.

ಬೀಸುವ ಕಲ್ಲಿನ ರಿಪೇರಿ

ಮನೆ ಬಳಕೆಯ ವಿದ್ಯುತ್ ಗಿರಣಿ ಸಿಗುತ್ತದೆ, 1 ಅಶ್ವಶಕ್ತಿಯ ಮೋಟಾರಿನದು. ಹೊಸದು ದುಬಾರಿ. ಹಳೆಯದು ಅಗ್ಗ, ಆದರೆ ಅದರೊಳಗೆ ಇನ್ಯಾರದೋ ಮನೆಯ ಗೋಧಿ ಇದ್ದೇ ಇರುತ್ತದೆ. ಹರಿಹರದ ಹತ್ತಿರದ ನಮ್ಮ ಊರ ಮನೆಯ ಹಿತ್ತಲಲ್ಲಿ ಅಜ್ಜಿಯ ಬೀಸುವ ಕಲ್ಲು ಮಗುಚಿ ಬಿದ್ದಿತ್ತು. ಕರೀಕಲ್ಲಿನದು, ಎರಡೂ ಭಾಗ ಒಡೆಯದೆ ಉಳಿದಿದ್ದವು. ಅದನ್ನೇ ತಂದೆವು.

ಸ್ಥಿತಿ ಹೀಗಿತ್ತು. ಎರಡೂ ಕಲ್ಲಿನ ಮುಖ ಸವೆದು ನುಣುಪಾಗಿತ್ತು. ನಡುವಿನ ಕಬ್ಬಿಣದ ಗೂಟ ತುಕ್ಕು ಹಿಡಿದು ಅರ್ಧ ಸೊರಗಿತ್ತು. ಹಿಡಿಯ ಗೂಟ ಇರಲೇ ಇಲ್ಲ. ಈ ಕಲ್ಲಿನಲ್ಲಿ ಹಿಂದೆ ಗೋಧಿಯನ್ನೂ ಬೀಸಿದ್ದರು.

ಮೊದಲು ಬಿಸಿನೀರು, ಗಟ್ಟಿ ಬ್ರಷ್ಷಿನಿಂದ ತಿಕ್ಕಿ, ಬಾಯಿಯ ತೂತನ್ನು ಬಾಟಲಿ ಬ್ರಷ್ಷಿನಿಂದ ತೊಳೆದು, ಬಿಸಿಲಿಗೆ ಹಾಕಿದೆವು. ಆಮೇಲೆ ಕಲ್ಲು ಕೆಲಸದವರನ್ನು ಕರೆಸಿದೆವು. ಈಗ ಅವರು ಸಿಗುವುದು ಕಷ್ಟ. ರುಬ್ಬುವ ಕಲ್ಲು ಮಾರುವ ಕಡೆ ಕೇಳಿದರೆ ದಾರಿ ಸಿಗುತ್ತದೆ. ಅವರು ಉಳಿ, ಸುತ್ತಿಗೆ ಹಿಡಿದು ಎರಡೂ ಮುಖಕ್ಕೆ ಹೊಸದಾಗಿ ಕಚ್ಚು ಹಾಕಿದರು. ನಡುವಿನಿಂದ ಅಂಚಿನ ಕಡೆಗೆ ಆಳವಿಲ್ಲದ ಗೆರೆಗಳು, ಗೆರೆಗಳ ನಡುವೆ ಸಣ್ಣ ಸಣ್ಣ ಚುಕ್ಕಿ. ಅಂಚಿನ ಹತ್ತಿರ ಮಾತ್ರ ಗೆರೆ ಇನ್ನೂ ತೆಳುವಾಗಬೇಕು, ಇಲ್ಲವಾದರೆ ಕಾಳು ಅರ್ಧಂಬರ್ಧ ಬೀಸಿ ಹೊರಗೆ ಬೀಳುತ್ತದೆ ಅಂತ ಅವರು ಹೇಳಿಕೊಟ್ಟರು. ನಮಗೆ ಇದರಿಂದ ಇನ್ನೊಂದು ಲಾಭ. ಹಳೆಯ ಹಿಟ್ಟು ಕೂತಿದ್ದ ಮೇಲ್ಪದರವೇ ಚೂರಾಗಿ ಹೋಯಿತು.

ನಡುಗೂಟಕ್ಕೆ ಸ್ಟೇನ್‌ಲೆಸ್ ಸ್ಟೀಲಿನ ಸರಳು ಕತ್ತರಿಸಿ ಹಾಕಿದೆವು. ಅದು ತುಕ್ಕು ಬಿಡುವುದಿಲ್ಲ. ಮೇಲಿನ ಕಲ್ಲಿನ ತೂತಿಗೆ ಅಡ್ಡಲಾಗಿ ಕೂರುವ ಪಟ್ಟಿ, ಕೈಹಿಡಿ ಎರಡನ್ನೂ ಜಾಲಿ ಮರದಲ್ಲಿ ಮಾಡಿಸಿದೆವು. ಜಾಲಿ ಗಟ್ಟಿ, ಬೇಗ ಸವೆಯುವುದಿಲ್ಲ. ಮೊದಲು ಕೂರಿಸಿದ ಹಿಡಿ ಬೀಸುವಾಗ ಅಲ್ಲಾಡುತ್ತಿತ್ತು. ತೂತಿಗೆ ತೆಂಗಿನ ನಾರು ಸುತ್ತಿ ಬಡಿದ ಮೇಲೆ ಬಿಗಿಯಾಯಿತು.

ಎರಡು ಕಲ್ಲಿನ ನಡುವಿನ ಅಂತರವೇ ಹಿಟ್ಟಿನ ನಯವನ್ನು ತೀರ್ಮಾನಿಸುತ್ತದೆ. ನಡುಗೂಟಕ್ಕೆ ದಪ್ಪ ಹತ್ತಿ ಬಟ್ಟೆಯ ಬಿಲ್ಲೆ ಕತ್ತರಿಸಿ ತೂರಿಸುತ್ತೇವೆ. ಮೂರು ಬಿಲ್ಲೆ ಇದ್ದರೆ ನುಚ್ಚು. ಒಂದಿದ್ದರೆ ಹಿಟ್ಟು. ಇವನ್ನು ಆಗಾಗ ಬದಲಾಯಿಸಬೇಕು.

ಹೊಸ ಕಚ್ಚಿನ ಕಲ್ಲು ಶುರುವಿನಲ್ಲಿ ಮರಳು ಬಿಡುತ್ತದೆ. ಹಿಡಿ ಹಿಡಿಯಾಗಿ ಅಕ್ಕಿ ನುಚ್ಚು ಹಾಕಿ ಬೀಸಿ, ಆ ಹಿಟ್ಟನ್ನು ಎಸೆಯಬೇಕು. ದನಕ್ಕೂ ಹಾಕಬಾರದು. ಮರಳು ಇನ್ನೂ ಇದೆಯಾ ಅಂತ ನೋಡಲು ಒಂದು ಚಮಚ ಹಿಟ್ಟನ್ನು ಗಾಜಿನ ಲೋಟದ ನೀರಿಗೆ ಹಾಕಿ ಕಲಕಿ, ಮೇಲಿನ ಹಾಲಿನಂಥ ನೀರನ್ನು ಮೆಲ್ಲಗೆ ಚೆಲ್ಲಿ, ಮತ್ತೆ ನೀರು ಹಾಕಿ ಚೆಲ್ಲಬೇಕು. ಕಲ್ಲಿನ ಕಣ ಭಾರ, ತಳದಲ್ಲೇ ನಿಲ್ಲುತ್ತದೆ. ಉಗುರಿನಿಂದ ಕೆರೆದರೆ ಚರಕ್ ಅನ್ನುತ್ತದೆ. ಲೋಟದ ತಳದಲ್ಲಿ ಒಂದು ಕಣವೂ ಕಾಣದಂತಾದ ಮೇಲೇ ತಿನ್ನುವ ಹಿಟ್ಟು ಬೀಸಿದೆವು.

ಬೀಸುವಾಗ ಬಾಯಿಗೆ ಒಂದು ಹಿಡಿಗಿಂತ ಜಾಸ್ತಿ ಸುರಿಯಬಾರದು. ಸುರಿದರೆ ಮೇಲಿನ ಕಲ್ಲು ಎದ್ದು ನುಚ್ಚು ಬರುತ್ತದೆ. ಒಂದು ಕಿಲೋ ಜೋಳಕ್ಕೆ ಅರ್ಧ ಗಂಟೆಗಿಂತ ಜಾಸ್ತಿ ಹಿಡಿಯುತ್ತದೆ, ಇಬ್ಬರು ಎದುರುಬದುರು ಕೂತರೆ ಹಗುರ. ವಾರಕ್ಕೆ ಬೇಕಾದಷ್ಟೇ ಬೀಸುತ್ತೇವೆ. ಅಕ್ಕಿ ಹಿಟ್ಟಿಗೆ ಕಲ್ಲು ಬೇಕಿಲ್ಲ. ಅಕ್ಕಿ ನೆನೆಸಿ, ಸೋಸಿ, ನೆರಳಲ್ಲಿ ಬಟ್ಟೆಯ ಮೇಲೆ ಅರೆಬರೆ ಆರಿಸಿ ಮಿಕ್ಸಿಗೆ ಹಾಕಿದರೆ ಅಂಗಡಿಯ ಹಿಟ್ಟಿಗಿಂತ ನಯವಾಗಿ ಬರುತ್ತದೆ.

ಅಂಟಿಲ್ಲದ ಹಿಟ್ಟು ಹಿಡಿದುಕೊಳ್ಳುವುದು

ಗೋಧಿ ಹಿಟ್ಟು ತಣ್ಣೀರಿನಲ್ಲೂ ಎಳೆದಷ್ಟು ಬರುವುದಕ್ಕೆ ಕಾರಣ ಗ್ಲುಟೆನ್. ಜೋಳದಲ್ಲಿ ಅದಿಲ್ಲ. ಅಲ್ಲಿ ಹಿಡಿತ ಬರುವುದು ಪಿಷ್ಟದಿಂದ. 70 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಪಿಷ್ಟದ ಕಣ ನೀರು ಕುಡಿದು ಉಬ್ಬಿ ಅಂಟಾಗುತ್ತದೆ. ಅದಕ್ಕೇ ಎಸರು ಮರಳಬೇಕು. ಒಂದು ಲೋಟ ನೀರಿಗೆ ಉಪ್ಪು ಹಾಕಿ ಕುದಿಸಿ, ಒಂದು ಲೋಟ ಹಿಟ್ಟು ಸುರಿದು, ಒಲೆ ಆರಿಸಿ ಮುಚ್ಚಿಡುತ್ತೇನೆ. ಕೈಗೆ ತಾಳುವಷ್ಟು ಬಿಸಿ ಇರುವಾಗಲೇ ಒಂದೊಂದು ಉಂಡೆಯನ್ನು ಅಂಗೈಯ ಬುಡದಿಂದ ಚೆನ್ನಾಗಿ ನಾದಬೇಕು. ಅಂಚು ಬಿರಿಯದಿದ್ದರೆ ನಾದಿದ್ದು ಸಾಕು ಅಂತ. ಒಣ ಹಿಟ್ಟಿನ ಮೇಲೆ ತಟ್ಟಿ, ಹಂಚಿಗೆ ಹಾಕಿ, ಮೇಲ್ಮುಖಕ್ಕೆ ಒದ್ದೆ ಬಟ್ಟೆಯಿಂದ ನೀರು ಸವರಿ, ನೀರು ಆರುತ್ತಲೇ ತಿರುವಿ ಹಾಕಬೇಕು. ಹಿಟ್ಟು ಹಳತಾದರೆ ಜಿಗಿ ಹೋಗುತ್ತದೆ, ಎಷ್ಟು ನಾದಿದರೂ ರೊಟ್ಟಿ ಹರಿಯುತ್ತದೆ. ಮನೆಯಲ್ಲೇ ಬೀಸಿದ ಹಿಟ್ಟಿನ ಗುಣ ಇಲ್ಲಿ ಎದ್ದು ಕಾಣುತ್ತದೆ.

ಇಡ್ಲಿ, ದೋಸೆಯಲ್ಲಿ ಹಿಡಿತ ಕೊಡುವುದು ಉದ್ದಿನ ಲೋಳೆ. ನವಣೆ ಮೂರು ಪಾಲು, ಉದ್ದು ಒಂದು ಪಾಲು, ಜೊತೆಗೆ ಅರ್ಧ ಚಮಚ ಮೆಂತ್ಯ. ಉದ್ದನ್ನು ಬೇರೆ ರುಬ್ಬಿ ನೊರೆ ಬರಿಸಿದರೆ ಇಡ್ಲಿ ಮೆತ್ತಗಾಗುತ್ತದೆ. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಸ್ವಲ್ಪ ಹುರಿದು ಬೀಸಿದರೆ ಬೆಳಗಿನ ಅಂಬಲಿಗೆ ಆಯಿತು. ಮೊಳಕೆಯಿಂದ ರಾಗಿಯ ಕಬ್ಬಿಣ ಮೈಗೆ ಹಿಡಿಯುವುದು ಸುಲಭವಾಗುತ್ತದೆ. ಊಟದ ಜೊತೆ ನಿಂಬೆಹಣ್ಣು ಇಡುವುದೂ ಅದಕ್ಕೇ.

ಇಂಗು

ಇದಕ್ಕೆ ಬೇರೆ ಜಾಗ ಕೊಡಲೇಬೇಕು. ಅನ್ನ, ಸಾರು, ಪಲ್ಯ ಉಣ್ಣುವ ಮನೆಗೆ ಗೋಧಿ ನುಸುಳುವ ದಾರಿ ಇದೇ. ಇಂಗು ಗಿಡದ ಬೇರಿನಿಂದ ಬರುವ ಅಂಟು. ಅಪ್ಪಟವಾದದ್ದು ತೀರಾ ಘಾಟು, ಹಾಗಾಗಿ ಡಬ್ಬಿಯ ಇಂಗಿಗೆ ಮೈದಾ ಅಥವಾ ಗೋಧಿ ಹಿಟ್ಟು, ಗೋಂದು ಬೆರೆಸುತ್ತಾರೆ. ಡಬ್ಬಿಯ ಮೇಲೆಯೇ ಬರೆದಿರುತ್ತದೆ, ಅಕ್ಷರ ಸಣ್ಣದು. ಅಕ್ಕಿ ಹಿಟ್ಟು ಬೆರೆಸಿದ್ದೂ ಸಿಗುತ್ತದೆ. ನಾವು ಗಟ್ಟಿ ಅಂಟನ್ನೇ ತಂದು, ಕಡಲೆಕಾಳಿನಷ್ಟನ್ನು ಬಿಸಿನೀರಿನಲ್ಲಿ ಕರಗಿಸಿ ಸಣ್ಣ ಸೀಸೆಯಲ್ಲಿ ಫ್ರಿಜ್ಜಿನಲ್ಲಿ ಇಡುತ್ತೇವೆ. ಸಾರಿಗೆ ಕೆಲವು ಹನಿ ಸಾಕು. ಸಾರಿನ ಪುಡಿ ಮನೆಯದೇ.

ಹಬ್ಬ, ಹೊರಗಿನ ಊಟ

ಹೋಳಿಗೆಯ ಕಣಕಕ್ಕೆ ಒಳ್ಳೆಯ ಬದಲಿ ಇಲ್ಲ. ಅಕ್ಕಿ ಹಿಟ್ಟಿನ ಕಣಕ ಲಟ್ಟಿಸುವಾಗಲೇ ಹರಿಯುತ್ತದೆ. ಯುಗಾದಿಗೆ ಅದೇ ಕಡಲೆಬೇಳೆ ಹೂರಣವನ್ನು ಉಕ್ಕರಿಸಿದ ಅಕ್ಕಿ ಹಿಟ್ಟಿನಲ್ಲಿ ತುಂಬಿ ಕಡುಬು ಮಾಡಿ ಹಬೆಯಲ್ಲಿ ಬೇಯಿಸಿದೆವು, ಬಿಸಿ ತುಪ್ಪ ಹಾಕಿಕೊಂಡು ಎಲ್ಲರೂ ಅದನ್ನೇ ತಿಂದೆವು. ಸತ್ಯನಾರಾಯಣ ಪೂಜೆಯ ಸಪಾದ ಭಕ್ಷ್ಯವನ್ನು ಅಕ್ಕಿ ರವೆಯಲ್ಲಿ ಮಾಡಿದೆವು. ಬೇರೆಯವರ ಮನೆಯ ಪ್ರಸಾದವನ್ನು ಮಗಳು ಕಣ್ಣಿಗೆ ಒತ್ತಿಕೊಂಡು ನಮಗೆ ಕೊಡುತ್ತಾಳೆ.

ಮದುವೆ ಊಟದಲ್ಲಿ ಹಣ್ಣು, ಬಿಳಿ ಅನ್ನ, ಮೊಸರು ಇಷ್ಟೇ. ಸಾರು ಹುಳಿ ಬೇಡ, ಇಂಗು ಯಾವುದೋ ಗೊತ್ತಿಲ್ಲ. ದಾವಣಗೆರೆಯಲ್ಲಿ ಇದ್ದು ಮಂಡಕ್ಕಿ ಮೆಣಸಿನಕಾಯಿ ಬಿಡುವುದು ಮಗುವಿಗೆ ಕಷ್ಟ. ಮಂಡಕ್ಕಿ ಅಕ್ಕಿಯದೇ, ತೊಂದರೆ ಇಲ್ಲ. ಮೆಣಸಿನಕಾಯಿ ಬಜ್ಜಿಯ ಹಿಟ್ಟು, ಕರಿಯುವ ಎಣ್ಣೆ ಎರಡೂ ಅನುಮಾನ. ಕಡಲೆಬೇಳೆ ಆರಿಸಿ, ಎರಡು ಬಿಲ್ಲೆ ಹಾಕಿ ಕಲ್ಲಿನಲ್ಲಿ ಬೀಸಿ, ಜರಡಿ ಹಿಡಿದು ಮನೆಯಲ್ಲೇ ಮಾಡುತ್ತೇವೆ.

ಈಚಿನ ಪರೀಕ್ಷೆಯಲ್ಲಿ ಟಿಟಿಜಿ ಅಂಕಿ ಇಳಿದಿದೆ, ಹಿಮೋಗ್ಲೋಬಿನ್ ಏರಿದೆ. ವೈದ್ಯರು ಊಟದ ಕ್ರಮ ಹೀಗೇ ಇರಲಿ ಅಂದಿದ್ದಾರೆ. ಮುಂದಿನ ಕೆಲಸ ಒತ್ತು ಶ್ಯಾವಿಗೆ. ಹಿತ್ತಾಳೆ ಒರಳು ಹೊಸದು ಬಂದಿದೆ, ಸಣ್ಣ ಕಣ್ಣಿನ ಬಿಲ್ಲೆಯ ಅಂಚಿನಲ್ಲಿ ಉಜ್ಜುಗೆಲಸ ಬಾಕಿ ಇದೆ. ಅದನ್ನು ಹುಣಸೆಹಣ್ಣಿನಿಂದ ತೊಳೆದು, ನೆನೆಸಿ ರುಬ್ಬಿದ ಅಕ್ಕಿ ಹಿಟ್ಟನ್ನು ಬೇಯಿಸಿ ಒತ್ತಿ ನೋಡಬೇಕು. ಸರಿಯಾಗಿ ಬಂದರೆ ಶಾಲೆಯ ಡಬ್ಬಿಗೆ ಇನ್ನೊಂದು ತಿಂಡಿ ಸೇರುತ್ತದೆ.